ತಟ್ಟೆಯೊಳಗಿನ ಅತ್ತೆ

ವಾರಕ್ಕೆರಡು ಸಲ ಅತ್ತೆಗೆ ವಿಷ ಹಾಕುವುದು ಡಾಕ್ಟರಮ್ಮನ ಕೆಲಸ. ಕದ್ದುಮುಚ್ಚಿ ಅಲ್ಲ, ಹಾಡುಹಗಲು, ಬಿಳಿ ಕೋಟು ತೊಟ್ಟು, ಕೈಗವಸು ಹಾಕಿಕೊಂಡು, ಸಂಬಳ ತೆಗೆದುಕೊಂಡು. ಮಿಕ್ಕ ಸೊಸೆಯಂದಿರು ಬರೀ ಬಾಯಲ್ಲಿ ಆಡಿ ಸಮಾಧಾನ ಮಾಡಿಕೊಳ್ಳುವುದನ್ನು ಈಕೆ ಸಂಶೋಧನೆಯ ಅನುದಾನದಲ್ಲಿ ಮಾಡುತ್ತಿದ್ದಳು.

ಗಾಬರಿ ಬೇಡ. ಪೂರ್ತಿ ಅತ್ತೆಗಲ್ಲ. ಪೂರ್ತಿ ಅತ್ತೆ ಮನೆಯಲ್ಲಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಉಲ್ಲನ್ ಹೆಣೆಯುತ್ತ, ಕೆಳಗಿನ ರಸ್ತೆಯಲ್ಲಿ ಯಾರು ಯಾರ ಜೊತೆ ಹೋದರು ಎಂದು ಗಮನಿಸುತ್ತ ಸುಖವಾಗಿದ್ದರು. ಪ್ರಯೋಗಾಲಯದಲ್ಲಿದ್ದುದು ಅವರ ಒಂದು ಚೂರು. ತೋಳಿನಿಂದ ತೆಗೆದ ಒಂದು ಸಣ್ಣ ಸೀಸೆ ರಕ್ತ. ಆ ರಕ್ತದ ಕಣಗಳಿಗೆ ತಮ್ಮ ಕಸುಬನ್ನೇ ಮರೆಸಿ, ಇನ್ನೂ ಏನೂ ಆಗಿರದ ಹಸುಳೆತನಕ್ಕೆ ವಾಪಸು ಕಳಿಸಿ, ಆಮೇಲೆ ‘ಏಳು, ಇನ್ನು ನೀನು ಹೃದಯ’ ಎಂದು ಹೊಸ ಕೆಲಸಕ್ಕೆ ಹಚ್ಚುವ ವಿದ್ಯೆ ಅಲ್ಲಿಯದು. ಮನುಷ್ಯನಿಗೆ ಹೀಗೆ ಮಾಡಿದರೆ ಕೋರ್ಟಿಗೆ ಹೋಗುತ್ತಾನೆ. ಕಣ ಪಾಪ, ಒಪ್ಪಿಕೊಳ್ಳುತ್ತದೆ. ಒಪ್ಪಿಕೊಂಡು ಒಂದು ಬೆಳಿಗ್ಗೆ, ಯಾರ ಅಪ್ಪಣೆಗೂ ಕಾಯದೆ, ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯ ತಳದಲ್ಲಿ ಮಿಡಿಯಲು ಶುರು ಮಾಡುತ್ತದೆ.

ಹಾಗೆ ಮಿಡಿಯುತ್ತಿದ್ದ ಅತ್ತೆಯ ಮೇಲೆ ಡಾಕ್ಟರಮ್ಮ ಕೆಂಪು ಔಷಧಿ ಸುರಿಯುತ್ತಿದ್ದಳು. ಮಕ್ಕಳಿಗೆ ರಕ್ತದ ಕ್ಯಾನ್ಸರ್ ಬಂದರೆ ಕೊಡುವುದು ಅದನ್ನೇ. ಶೂರ ಔಷಧಿ. ಕ್ಯಾನ್ಸರನ್ನು ಹೊಡೆದು ಓಡಿಸುತ್ತದೆ. ಆದರೆ ಓಡಿಸುವ ಭರದಲ್ಲಿ ಹೃದಯಕ್ಕೂ ನಾಲ್ಕು ಬಿಗಿಯುತ್ತದೆ. ಬದುಕುಳಿದ ಮಗು ಬೆಳೆದು ದೊಡ್ಡದಾಗಿ, ಓಡಾಡುವ ವಯಸ್ಸಿನಲ್ಲಿ, ಅದರ ಹೃದಯ ಹಳೇ ರಬ್ಬರಿನಂತೆ ಜೋತು ಬೀಳುತ್ತದೆ. ಇಲಿ ಹೊಕ್ಕಿತೆಂದು ಮನೆಗೇ ಬೆಂಕಿ ಹಚ್ಚಿದ ಹಾಗೆ. ಡಾಕ್ಟರಮ್ಮ ಹುಡುಕುತ್ತಿದ್ದುದು ಇಲಿ ಸಾಯಬೇಕು, ಮನೆ ಉಳಿಯಬೇಕು ಅನ್ನುವಂಥ ಇನ್ನೊಂದು ಔಷಧಿ. ಸಿಕ್ಕಿತ್ತು ಕೂಡ. ಅದರ ನಿಜವಾದ ಹೆಸರು ಹೇಳಿದರೆ ನಾಲಿಗೆ ಉಳುಕುತ್ತದೆ; ಎಲ್ಲರೂ ಅದನ್ನು ‘ಛತ್ರಿ’ ಅನ್ನುತ್ತಿದ್ದರು. ಮೊದಲು ಛತ್ರಿ, ಆಮೇಲೆ ಕೆಂಪು. ಛತ್ರಿಯಿಲ್ಲದ ಅತ್ತೆ ಎರಡು ದಿನಕ್ಕೆ ತಣ್ಣಗಾಗುತ್ತಿದ್ದರು. ಛತ್ರಿ ಹಿಡಿದ ಅತ್ತೆ ಕುಟುಕುಟು ಮಿಡಿಯುತ್ತಲೇ ಇರುತ್ತಿದ್ದರು.

ರಕ್ತ ಕೊಟ್ಟವರ ಹೆಸರು, ನಂಟು ಏನೂ ತಟ್ಟೆಯ ಮೇಲೆ ಇರಕೂಡದು, ಗುರುತಿನ ಸಂಖ್ಯೆ ಮಾತ್ರ ಇರಬೇಕು ಎಂದು ನಿಯಮ. ಸಂಖ್ಯೆಯೇನೋ ಇತ್ತು. ಅದರ ಪಕ್ಕದಲ್ಲಿ ನೀಲಿ ಪೆನ್ನಿನಲ್ಲಿ ‘ಅತ್ತೆ’ ಎಂದೂ ಇತ್ತು. ಬರೆದವಳು ಜೊತೆ ಕೆಲಸದವಳಾದ ಕನ್ನಡಕ. ಒಂದು ಕನ್ನಡಕ ಮೂಗಿನ ಮೇಲೆ, ಒಂದು ತಲೆಯ ಮೇಲೆ ಇಟ್ಟುಕೊಂಡು ಮೂರನೆಯದನ್ನು ಹುಡುಕುತ್ತಿದ್ದವಳಿಗೆ ಬೇರೆ ಯಾವ ಹೆಸರೂ ನಿಲ್ಲಲಿಲ್ಲ.

“ಅತ್ತೆಗೆ ಊಟ ಆಯ್ತಾ?” ಎಂದು ಕನ್ನಡಕ ಕೇಳುವಳು.

“ಆಯ್ತು. ತಿಂದಿದ್ದೆಲ್ಲ ಗಲೀಜು ಮಾಡ್ಕೊಂಡಿದ್ದಾರೆ, ನೀರು ಬದಲಾಯಿಸ್ತಿದ್ದೀನಿ.”

“ಮುನಿಸು ಇದೆಯಾ?”

“ಮೂಲೆ ಸೇರಿದ್ದಾರೆ. ಬೆಚ್ಚಗಾದ್ರೆ ಸರಿಹೋಗ್ತಾರೆ.”

ಒಮ್ಮೆ ತುಂಬಿದ ಬಸ್ಸಿನಲ್ಲಿ ಫೋನು ಬಂದಾಗ ಡಾಕ್ಟರಮ್ಮ ಮೈಮರೆತು, “ಅರ್ಧ ಅತ್ತೇನ ಫ್ರೀಜರ್‌ಗೆ ಹಾಕು, ಇನ್ನರ್ಧಕ್ಕೆ ನಾಳೆ ನಾನೇ ಬಂದು ವಿಷ ಕೊಡ್ತೀನಿ” ಅಂದುಬಿಟ್ಟಿದ್ದಳು. ಅವತ್ತು ಅವಳಿಗೆ ಇಡೀ ಸೀಟು ಸಿಕ್ಕಿತು. ಪಕ್ಕದಲ್ಲಿ ಯಾರೂ ಕೂರಲಿಲ್ಲ.

ಅತ್ತೆ ತಟ್ಟೆಗೆ ಬಿದ್ದ ಕಥೆಯನ್ನೂ ಹೇಳಿಬಿಡಬೇಕು; ಮುಂದಿನ ಎಡವಟ್ಟೆಲ್ಲ ಅಲ್ಲಿಂದಲೇ.

ಪ್ರಯೋಗಕ್ಕೆ ಒಬ್ಬ ‘ಆರೋಗ್ಯವಂತ ಹಿರಿಯರು’ ಬೇಕಾಗಿದ್ದರು. ಹೃದಯಕ್ಕೆ ಎಂದೂ ಏನೂ ಆಗಿರದವರು. ಔಷಧಿ ಎಷ್ಟು ಕೆಡಿಸಿತು ಎಂದು ಅಳೆಯಲು ಕೆಡದೆ ಇರುವ ಹೃದಯವೊಂದು ಕೈಯಲ್ಲಿರಬೇಕಲ್ಲ. ಆರೋಗ್ಯವಂತ ಹಿರಿಯರು ಆಸ್ಪತ್ರೆಯ ಹತ್ತಿರ ಸುಳಿಯುವುದಿಲ್ಲ, ಸುಳಿಯುವವರು ಆರೋಗ್ಯವಂತರಲ್ಲ. ಮನೆಯಲ್ಲಿ ಅತ್ತೆ ಕಲ್ಲುಗುಂಡಿನಂತೆ ಇದ್ದರು. ಶೀತ ಸೀನು ಇಲ್ಲ, ಡಾಕ್ಟರ ಮುಖ ನೋಡಿದವರಲ್ಲ. ಮೆಟ್ಟಿಲು ಮಾತ್ರ ಹತ್ತುತ್ತಿರಲಿಲ್ಲ. “ಲಿಫ್ಟ್ ಇರೋದು ನೋಡೋಕಾ?” ಅನ್ನುತ್ತಿದ್ದರು. ಬೇಸಗೆಯಲ್ಲೂ ಕತ್ತಿನವರೆಗೆ ಗುಂಡಿ ಹಾಕಿದ ಅಂಗಿ. ಅದಕ್ಕೂ ಮನೆಯಲ್ಲಿ ಉತ್ತರ ಇತ್ತು: ಚಿಕ್ಕಂದಿನಲ್ಲಿ ಎದೆಯ ಮೇಲೆ ಕುದಿನೀರು ಬಿದ್ದು ಕಲೆಯಾಗಿದೆ, ತೋರಿಸಲು ಸಂಕೋಚ.

ಆರೋಗ್ಯದ ಪ್ರಶ್ನೆಗಳನ್ನು ಕೇಳುವವರು ನೆಂಟರಾಗಿರಕೂಡದು, ಬಾಗಿಲು ಹಾಕಿದ ಕೋಣೆಯಲ್ಲಿ ಕೇಳಬೇಕು ಎಂದು ಅದಕ್ಕೂ ನಿಯಮ ಇತ್ತು. ಡಾಕ್ಟರಮ್ಮ ಅದನ್ನು ಊಟದ ಮೇಜಿನ ಮೇಲೆ, ಸೂಪು ಆರುವಷ್ಟರಲ್ಲಿ ಮುಗಿಸಿದಳು. ಅವಸರ ಎಂಬುದು ಅರ್ಧ ಕಾರಣ. ಅತ್ತೆಯ ಜೊತೆ ಒಂದೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ ಎಂಬುದು ಇನ್ನರ್ಧ. ಗಂಡ ಎದುರಿಗಿದ್ದ. ಅವನು ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ನಾದಿನಿಯೂ ಬಂದಿದ್ದಳು.

“ಅತ್ತೆ, ಹೃದಯದ ತೊಂದರೆ ಏನಾದ್ರೂ ಇತ್ತಾ ನಿಮಗೆ?”

“ಅಮ್ಮನಿಗೆ ಹೃದಯ ಇದೆ ಅಂತಾನೇ ನಮಗೆ ಈಗ ಗೊತ್ತಾಗ್ತಿರೋದು ಅತ್ತಿಗೆ,” ಎಂದಳು ನಾದಿನಿ.

ಅತ್ತೆ ಮಗಳತ್ತ ನೋಡಲಿಲ್ಲ. “ಇಲ್ಲ. ಬರ್ಕೋ, ಇಲ್ಲ.”

“ಆಪರೇಷನ್ ಯಾವುದಾದ್ರೂ?”

“ಇಲ್ಲ.”

“ಚಿಕ್ಕಂದಿನಲ್ಲಿ…”

“ಚಿಕ್ಕಂದಿನಲ್ಲಿ ಚಿಕ್ಕವಳಿದ್ದೆ. ಮುಂದೆ ಕೇಳು, ಸೂಪು ಆರ್ತಿದೆ.”

“ಕೊನೇದು. ಪರೀಕ್ಷೇಲಿ ನಿಮ್ಮ ಬಗ್ಗೆ ಏನಾದ್ರೂ ಗೊತ್ತಾದ್ರೆ ನಿಮಗೆ ತಿಳಿಸಬೇಕಾ, ಬೇಡವಾ?”

“ಬೇಡ. ನನ್ನ ವಿಷಯ ನನಗೆ ಗೊತ್ತಿರೋದೇ ಬೇಕಾದಷ್ಟಿದೆ.”

ಎಲ್ಲರೂ ನಕ್ಕರು. ಡಾಕ್ಟರಮ್ಮ ಎಲ್ಲದಕ್ಕೂ ‘ಇಲ್ಲ’ ಎಂದು ಗೀಟು ಹಾಕಿ ಬ್ರೆಡ್ಡು ಮುರಿದಳು.

ಅತ್ತೆಯ ಕಣಗಳು ಹುಚ್ಚುಹುಲ್ಲಿನಂತೆ ಬೆಳೆದವು. ಬೇರೆಯವರ ರಕ್ತ ತಂದರೆ ಒಂದು ತಟ್ಟೆಗೆ ಬೂಷ್ಟು ಹಿಡಿಯುವುದು, ಇನ್ನೊಂದು ಹೃದಯವಾಗಲು ಒಲ್ಲೆನ್ನುವುದು. ಅತ್ತೆ ಮಾತ್ರ ಎಲ್ಲಿ ಹಾಕಿದರೂ ಚಿಗುರುತ್ತಿದ್ದರು. ಸುಲಭವಾಗಿ ಬೆಳೆದವರನ್ನೇ ಬೆಳೆಸಿದರು. ಇದು ಆ ಕಸುಬಿನವರ ಖಾಸಾ ತಪ್ಪು: ಪ್ರಯೋಗ ಗೆಲ್ಲುವಾಗ ಯಾರೂ ಕುದುರೆ ಬದಲಾಯಿಸುವುದಿಲ್ಲ. ಹೀಗೆ ಮೂರು ವರ್ಷ ಕಳೆಯಿತು. ವಿಭಾಗದ ಮುಖ್ಯಸ್ಥರಾದ ದೊಡ್ಡವರು ಮಕ್ಕಳ ಆಸ್ಪತ್ರೆಯ ಮಂಡಳಿಯ ಮುಂದೆ ಛತ್ರಿಯನ್ನು ಇಡುವ ದಿನವನ್ನೂ ಗೊತ್ತು ಮಾಡಿಕೊಂಡರು. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯೇ ಮೈವೆತ್ತು ಬಿಸ್ಕತ್ತು ತಿನ್ನುತ್ತಿದ್ದರೆ ಹೇಗಿರುತ್ತದೋ, ಹಾಗಿದ್ದರು ಅವರು.

ಮಂಡಳಿಗೆ ಹೋಗುವ ಮುಂಚೆ ಇನ್ನೊಂದಿಷ್ಟು ಜನರ ಹೃದಯದ ಮೇಲೂ ತೋರಿಸಿಬಿಡೋಣ, ಬಾಯಿ ಮುಚ್ಚಿಸಿದ ಹಾಗಾಗುತ್ತದೆ ಎಂದು ಕನ್ನಡಕ ಹಟ ಹಿಡಿದು ಬೇರೆ ಮೂವರ ಕಣಗಳನ್ನು ಬೆಳೆಸಿದಳು. ಛತ್ರಿ ಕೊಟ್ಟರು. ಕೆಂಪು ಸುರಿದರು. ಮೂವರೂ ಸತ್ತರು. ಮತ್ತೆ ಬೆಳೆಸಿದರು, ಮತ್ತೆ ಸತ್ತರು. ಪಕ್ಕದ ತಟ್ಟೆಯಲ್ಲಿ ಅತ್ತೆ ಮಾತ್ರ, ಸಂತೆಯಲ್ಲಿ ಜಾಗ ಹಿಡಿದವರಂತೆ ಗಟ್ಟಿಯಾಗಿ ಕೂತು ಮಿಡಿಯುತ್ತಿದ್ದರು.

“ಔಷಧಿ ಕೆಲಸ ಮಾಡ್ತಿಲ್ಲ ಅಂತಲ್ಲ,” ಎಂದಳು ಕನ್ನಡಕ. “ನಿಮ್ಮತ್ತೆ ಒಬ್ಬರ ಮೇಲೇ ಮಾಡ್ತಿದೆ.”

“ಅವರ ಮೇಲೆ ಯಾವುದೂ ಕೆಲಸ ಮಾಡಲ್ಲ ಅಂತ ನಾನು ಇಪ್ಪತ್ತು ವರ್ಷದಿಂದ ತಿಳ್ಕೊಂಡಿದ್ದೆ,” ಎಂದಳು ಡಾಕ್ಟರಮ್ಮ. ತಮಾಷೆ ಬಾಯಲ್ಲಿತ್ತು; ಕೈ ಆಗಲೇ ಹಳೇ ದಾಖಲೆಯ ಪುಟ ತಿರುವುತ್ತಿತ್ತು.

ಅತ್ತೆಯ ಜೀನುಗಳನ್ನು ಓದಿಸಲು ಕಳಿಸಿದರು. ಉತ್ತರ ಬಂದ ದಿನ ಕನ್ನಡಕ ಎರಡೂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಹಾಗೆ ಮಾಡಿದ್ದನ್ನು ಡಾಕ್ಟರಮ್ಮ ಎಂದೂ ನೋಡಿರಲಿಲ್ಲ.

“ಬಸಿರಲ್ಲಿ ಹೃದಯದ ಗೋಡೆ ಕಟ್ಟೋ ಜೀನು ಇದೆಯಲ್ಲ, ಅದು ಇವರದ್ದು ಬೇರೆ ಥರ ಇದೆ. ಹೃದಯದಲ್ಲಿ ತೂತಿಟ್ಟುಕೊಂಡು ಹುಟ್ಟೋ ಮಕ್ಕಳಲ್ಲಿ ಕಾಣೋ ಥರ.”

“ಅತ್ತೆಗಾ? ತೂತಾ? ಅವರು ಹುಟ್ಟಿದಾಗ ಹೃದಯಕ್ಕೆ ಕಬ್ಬಿಣದ ಬಾಗಿಲು ಇತ್ತು ಅಂದ್ರೆ ನಂಬ್ತೀನಿ.”

ಕನ್ನಡಕ ನಗಲಿಲ್ಲ. “ಜೀನು ಹೀಗಿದ್ದೂ ಏನೂ ಆಗದೆ ಇರೋವರು ಇರ್ತಾರೆ. ಅವರಿಗೆ ನಿಜವಾಗ್ಲೂ ಕಾಯಿಲೆ ಇತ್ತಾ ಅಂತ ಅವರೊಬ್ಬರೇ ಹೇಳಬೇಕು. ಇತ್ತು ಅಂದ್ರೆ ನಾವು ಮೂರು ವರ್ಷ ಮಾಡಿದ್ದು ತಪ್ಪಲ್ಲ, ಬೇರೆ ಕೆಲಸ. ತೂತಿನ ಹೃದಯಕ್ಕೆ ಛತ್ರಿ ಕಂಡುಹಿಡಿದಿದ್ದೀವಿ. ಇರಲಿಲ್ಲ ಅಂದ್ರೆ ಎಲ್ಲ ಕಸದ ಬುಟ್ಟಿಗೆ.”

ದೊಡ್ಡವರಿಗೆ ಹೇಳಿದಾಗ ಅವರು ಬಿಸ್ಕತ್ತನ್ನು ಅರ್ಧಕ್ಕೆ ನಿಲ್ಲಿಸಿದರು. “ಆರೋಗ್ಯವಂತರು ಅಂತ ಬರ್ದಿದ್ದೀರಲ್ಲಮ್ಮ!”

“ಅವರೇ ಹೇಳಿದ್ದು ಸರ್.”

“ಎಲ್ಲಿ ಹೇಳಿದ್ದು?”

“ಊಟದ ಮೇಜಲ್ಲಿ.”

“ಊಟದ ಮೇಜಲ್ಲಿ ನಾನೂ ಆರೋಗ್ಯವಂತನೇ! ಮಂಡಳಿಗೆ ಸೊಸೆಯ ಅಂದಾಜು ಹೇಳೋಕಾಗಲ್ಲ. ಅವರ ಬಾಯಿಂದ ಬರಬೇಕು. ಇಲ್ದಿದ್ರೆ ಛತ್ರಿ ಮಡಚಿಟ್ಟು ಬೇರೆ ಕೆಲಸ ನೋಡ್ಕೊಳ್ಳೋಣ. ಅಥವಾ…” ಬಿಸ್ಕತ್ತು ಮುಗಿಯಿತು. “ಬೇರೆ ಅತ್ತೇನ ಹುಡುಕಿ.”

ಅಂಗಳದಾಚೆ ಮಕ್ಕಳ ವಾರ್ಡು. ಅಲ್ಲಿನ ಹೃದಯದ ಡಾಕ್ಟರು ಚಹಾಕ್ಕೆ ಈಚೆ ಬರುತ್ತಿದ್ದರು. ಡಾಕ್ಟರಮ್ಮ ಯಾರ ವಿಷಯ ಎಂದು ಹೇಳದೆ ಕೇಳಿದಳು: ಹೃದಯದಲ್ಲಿ ತೂತಿದ್ದು ಹೊಲಿಸಿಕೊಂಡ ಮಗುವಿಗೆ ಆಮೇಲೆ ರಕ್ತದ ಕ್ಯಾನ್ಸರೂ ಬಂದರೆ?

“ಬರುತ್ತೆ. ಒಂದು ಕಷ್ಟ ಕೊಟ್ಟಾಯ್ತು, ಇನ್ನು ಸಾಕು ಅಂತ ಯಾರೂ ಮೇಲೆ ಕೂತು ಲೆಕ್ಕ ಹಾಕಲ್ಲ,” ಎಂದರು ಅವರು. ಅವರು ಮಕ್ಕಳ ಎದುರು ಮಾತ್ರ ಮೃದು. ಬೆಳೆದವರ ಎದುರು ಅವರ ನಾಲಿಗೆಗೆ ಉಪ್ಪು ಜಾಸ್ತಿ. “ಕೆಂಪು ಪೂರ್ತಿ ಕೊಟ್ರೆ ಹೃದಯ ಹೋಗುತ್ತೆ. ಕೊಡದೆ ಇದ್ರೆ ಮಗು ಹೋಗುತ್ತೆ. ನಾನು ಅರ್ಧ ಕೊಟ್ಟು, ಉಳಿದರ್ಧಕ್ಕೆ ಕಣ್ಣು ಮುಚ್ಚಿಕೊಂಡು ಕೂರ್ತೀನಿ. ಈಗ ಒಂದು ಮಗು ಹಾಗಿದೆ. ನನಗೆ ‘ಬೋಳಪ್ಪ’ ಅಂತ ಹೆಸರಿಟ್ಟಿದ್ದಾಳೆ. ಅವಳ ತಲೇಲಿ ಕೂದಲು ಇಲ್ಲ, ನನ್ನ ತಲೇಲೂ ಇಲ್ಲ, ಆದ್ರೂ ಬೋಳಪ್ಪ ನಾನೇ ಅಂತೆ.”

ಡಾಕ್ಟರಮ್ಮ ಚಹಾ ಕುಡಿಯದೆ ಎದ್ದಳು.

ಈಗ ನೋಡಿ ಪೇಚು. ‘ಏನೇ ಗೊತ್ತಾದರೂ ನನಗೆ ಹೇಳಬೇಡ’ ಎಂದು ಅತ್ತೆ ಸೂಪಿನ ಸಾಕ್ಷಿಯಾಗಿ ಹೇಳಿದ್ದಾರೆ. ಆ ಮಾತು ಕಾನೂನು. ‘ಅತ್ತೆ, ನಿಮ್ಮ ಜೀನು ಹೀಗಿದೆ’ ಅನ್ನುವ ಹಾಗಿಲ್ಲ. ಮತ್ತೆ ಪ್ರಶ್ನೆ ಕೇಳಬಹುದು, ಅಷ್ಟೇ, ಉತ್ತರ ಅವರದು. ಸಂಜೆ ಮನೆಯಲ್ಲಿ ಡಾಕ್ಟರಮ್ಮ ಸುತ್ತಿಬಳಸಿ ಕೇಳಿ ನೋಡಿದಳು.

“ಅತ್ತೆ, ಚಿಕ್ಕವರಿದ್ದಾಗ ನೀವು ಆಟ ಎಲ್ಲ ಆಡ್ತಿದ್ರಾ?”

“ಆಡಿಸ್ತಿದ್ದೆ.”

“ಓಡೋದು, ಜಿಗಿಯೋದು…”

“ಏನೇ ಬೇಕು ನಿನಗೆ? ಬಂದಾಗಿನಿಂದ ಬೆಕ್ಕಿನ ಥರ ಕಾಲು ಸುತ್ತುತ್ತಿದ್ದೀಯ.”

“ಅಮ್ಮ ಆಡಿದ್ದು ನಾನಂತೂ ನೋಡಿಲ್ಲಪ್ಪ,” ಎಂದು ಗಂಡ ಉತ್ತರಪತ್ರಿಕೆ ತಿದ್ದುತ್ತಲೇ ಬಾಯಿ ಹಾಕಿದ. ಡಾಕ್ಟರಮ್ಮನಿಗೆ ರೇಗಿತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ಮನೆಯಲ್ಲಿ ಕೊತ್ತಿ ಇರಲಿಲ್ಲ, ಗಂಡ ಇದ್ದ. “ನೀವು ನಿಮ್ಮ ಜ್ವಾಲಾಮುಖಿ ನೋಡ್ಕೊಳ್ಳಿ ರೀ!” ಎಂದು ಬಾಗಿಲು ದಢಾರನೆ ಹಾಕಿಕೊಂಡಳು.

ಆಚೆಯಿಂದ ಅತ್ತೆಯ ದನಿ ಕೇಳಿತು: “ಮೂರು ವರ್ಷದಿಂದ ನನ್ನನ್ನ ಸಾಕ್ತಿದ್ದೀಯಂತೆ. ಒಂದ್ಸಲನಾದ್ರೂ ನನ್ನನ್ನ ನನಗೆ ತೋರಿಸಿದ್ದೀಯಾ?”

ಡಾಕ್ಟರಮ್ಮ ಬಾಗಿಲು ತೆಗೆದಳು. “ನಾಳೆ ಬರ್ತೀರಾ?”

ಮರುದಿನ ಬೆಳಿಗ್ಗೆ ಅತ್ತೆ ಕತ್ತಿನವರೆಗೆ ಗುಂಡಿ ಹಾಕಿ, ಹೆಣಿಗೆಯ ಚೀಲ ಹಿಡಿದು ಪ್ರಯೋಗಾಲಯಕ್ಕೆ ಬಂದರು. ಬಿಳಿ ಕೋಟು ತೊಡಿಸಿದಾಗ ತೋಳು ನೋಡಿ, “ಇದನ್ನ ಹೊಲಿದೋನಿಗೆ ಕೈ ಇರಲಿಲ್ಲ” ಎಂದರು. ದೊಡ್ಡವರು ಓಡಿಬಂದು ನಮಸ್ಕಾರ ಮಾಡಿದಾಗ, “ಬಾಯಿ ಪಕ್ಕ ಬಿಸ್ಕತ್ತಿದೆ” ಎಂದರು. ಕನ್ನಡಕ ಬೆಚ್ಚನೆಯ ಪೆಟ್ಟಿಗೆಯಿಂದ ತಟ್ಟೆ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟಳು.

ಅತ್ತೆ ಕಣ್ಣು ಹಚ್ಚಿದರು. ಅತ್ತೆಯ ಬಾಯಿ ಇಷ್ಟು ಹೊತ್ತು ಸುಮ್ಮನಿದ್ದುದನ್ನು ಡಾಕ್ಟರಮ್ಮ ಮೊದಲ ಸಲ ಕಂಡಳು.

“ಹಾಲಿನ ಕೆನೆ ಇದ್ದ ಹಾಗಿದೆ,” ಎಂದರು ಕೊನೆಗೆ. “ಅದೇನು ಅಷ್ಟು ಅವಸರ ಅದಕ್ಕೆ?”

“ಅದು ನಿಮ್ಮ ಹೃದಯ ಅತ್ತೆ.”

“ಗೊತ್ತಾಯ್ತು. ನನ್ನ ಹಾಗೇ ಯಾರಿಗೂ ಕಾಯಲ್ಲ.” ಪಕ್ಕದ ತಟ್ಟೆಯನ್ನೂ ತಾವೇ ಎಳೆದುಕೊಂಡು ನೋಡಿದರು. “ಇದು ಯಾಕೆ ನಿಂತಿದೆ? ಇದು ಯಾರು?”

“ಅದೂ ನೀವೇ. ಅದಕ್ಕೆ ಛತ್ರಿ ಕೊಡಲಿಲ್ಲ. ಕೆಂಪು ಔಷಧಿ ಹಾಕಿ ಸಾಯಿಸಿದ್ವಿ.”

“ಯಾರು ಸಾಯಿಸಿದ್ದು?”

“ನಾನೇ.”

“ಅದೇನು ಹೊಸ ಸಮಾಚಾರ ಅಲ್ಲ ಬಿಡು.” ಆದರೆ ಕಣ್ಣು ತೆಗೆಯಲಿಲ್ಲ. “ಮತ್ತೆ ಆ ಮೂರು?”

“ಬೇರೆಯವರು. ಅವರಿಗೆ ಛತ್ರಿ ಕೊಟ್ರೂ ಉಳಿಯಲಿಲ್ಲ.”

“ನನಗೊಬ್ಬಳಿಗೇ ಹಿಡೀತಾ?”

ಡಾಕ್ಟರಮ್ಮ ತಟ್ಟೆಗಳನ್ನು ವಾಪಸು ಪೆಟ್ಟಿಗೆಗೆ ಇಟ್ಟಳು. ಅದಕ್ಕೆ ಉತ್ತರ ಹೇಳಲು ಕಾನೂನು ಬಿಡದು. “ಅತ್ತೆ, ಅವತ್ತಿನ ಪ್ರಶ್ನೆಗಳನ್ನ ಇನ್ನೊಂದ್ಸಲ ಕೇಳಬೇಕು. ಬಾಗಿಲು ಹಾಕಿ. ಕೇಳೋದು ನಾನಲ್ಲ, ಇವಳು. ನೀವು ಏನು ಹೇಳಿದ್ರೂ, ಹೇಳದೇ ಇದ್ರೂ ನನ್ನ ಕಿವಿಗೆ ಬೀಳಲ್ಲ. ಅವತ್ತೇ ಹೀಗೆ ಮಾಡಬೇಕಿತ್ತು. ನಾನು ಸೂಪಿನ ಜೊತೆ ಕೇಳ್ದೆ.”

“ಯಾಕೆ ಕೇಳ್ದೆ?”

“ನಿಮ್ಮ ಜೊತೆ ಒಬ್ಬಳೇ ಕೂರೋಕೆ ಭಯ ಇತ್ತು.”

ಈ ಉತ್ತರ ಅತ್ತೆಗೆ ಬಹಳ ಹಿಡಿಸಿತು. ಎದ್ದು, ಚೀಲ ತೆಗೆದುಕೊಂಡು, ಕನ್ನಡಕದ ಹಿಂದೆ ಚಿಕ್ಕ ಕೋಣೆಗೆ ಹೋದರು. ಬಾಗಿಲು ಮುಚ್ಚಿತು.

ಹೊರಗೆ ಕಾರಿಡಾರಿನಲ್ಲಿ ಡಾಕ್ಟರಮ್ಮ ಗೋಡೆಗೊರಗಿ ನಿಂತಳು. ಗೋಡೆಯ ಮೇಲೆ ಬೆಂಕಿ ಬಿದ್ದರೆ ಏನು ಮಾಡಬೇಕು ಎಂಬ ಸೂಚನಾಫಲಕ ಇತ್ತು, ಓದಿದಳು. ಮತ್ತೆ ಓದಿದಳು. ಮೂರು ವರ್ಷದ ಕೆಲಸ, ಅಂಗಳದಾಚೆಯ ಬೋಳು ತಲೆಯ ಹುಡುಗಿ, ಎಲ್ಲ ಈ ಪ್ಲೈವುಡ್ ಬಾಗಿಲಿನ ಆಚೆ, ಇಡೀ ಜೀವನದಲ್ಲಿ ಯಾರಿಗೂ ‘ಹೂಂ’ ಅನ್ನದ ಹೆಂಗಸಿನ ಬಾಯಲ್ಲಿ ಇತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಸೊಸೆಯ ಕಾಲ ಬಂದೇ ಇಲ್ಲ, ಬರೀ ಅತ್ತೆಯ ಕಾಲವೇ ಮುಂದುವರಿಯುತ್ತಿದೆಯಲ್ಲ ಎಂದುಕೊಳ್ಳುವಷ್ಟರಲ್ಲಿ ಬಾಗಿಲು ತೆರೆಯಿತು. ಕನ್ನಡಕ ತಲೆ ಹೊರಗೆ ಹಾಕಿದಳು.

“ನನಗೆ ಹೇಳಲ್ವಂತೆ. ‘ವಿಷ ಹಾಕೋಳನ್ನ ಕರಿ’ ಅಂತಿದ್ದಾರೆ.”

“ನಾನು ಒಳಗೆ ಬರೋ ಹಾಗಿಲ್ಲ.”

“ನಾನು ಹೇಳ್ದೆ. ‘ನಿಯಮ ನನ್ನನ್ನ ಕಾಯೋಕೆ ತಾನೇ? ನಾನೇ ಬೇಡ ಅಂತಿದ್ದೀನಿ’ ಅಂದ್ರು.”

ಒಳಗೆ ಅತ್ತೆ ಹೆಣಿಗೆ ಹೊರತೆಗೆದು ಮಡಿಲಲ್ಲಿಟ್ಟುಕೊಂಡಿದ್ದರು, ಹೆಣೆಯುತ್ತಿರಲಿಲ್ಲ. “ಕೂತ್ಕೋ. ಭಯ ಆಗ್ತಿದೆಯಾ?”

“ಆಗ್ತಿದೆ.”

“ನನಗೂ,” ಎಂದರು ಅತ್ತೆ. ಆಮೇಲೆ ಕತ್ತಿನ ಗುಂಡಿ ಬಿಚ್ಚಿದರು. ಅದರ ಕೆಳಗಿನದು. ಅದರ ಕೆಳಗಿನದು. ಎದೆಯ ನಡುವೆ ಮೇಲಿಂದ ಕೆಳಕ್ಕೆ, ಹಳೆಯದಾಗಿ ಬೆಳ್ಳಗಾದ ಗೆರೆ. ಎರಡೂ ಬದಿಗೆ ಹೊಲಿಗೆಯ ಚುಕ್ಕಿಗಳು.

“ಕುದಿನೀರು ಇಷ್ಟು ನೇರವಾಗಿ ಬೀಳುತ್ತೇನೇ? ನಿನ್ನ ಗಂಡ ನದಿ ಹೇಗೆ ಹರಿಯುತ್ತೆ ಅಂತ ಮಕ್ಕಳಿಗೆ ಪಾಠ ಹೇಳ್ತಾನೆ. ಒಂದು ದಿನ ಅನುಮಾನ ಬರಲಿಲ್ಲ ಆ ಪೆದ್ದನಿಗೆ. ಕಾಲರ್ ಮೇಲೆ ಕಾಣೋ ತುದಿ ನೋಡಿ ‘ಪಾಪ ಅಮ್ಮ’ ಅಂದ, ಮುಗೀತು.”

ಕನ್ನಡಕ ಬರೆಯುತ್ತಿದ್ದಳು. ಡಾಕ್ಟರಮ್ಮನಿಗೆ ಕಣ್ಣು ಎಲ್ಲಿಡಬೇಕೋ ತಿಳಿಯಲಿಲ್ಲ.

“ತೂತಿತ್ತು. ಎರಡು ಹೆಜ್ಜೆ ಓಡಿದ್ರೆ ಉಸಿರು ಮೇಲಕ್ಕೆ. ಶಾಲೇಲಿ ‘ತೂತು ಕೊಡ’ ಅಂತಿದ್ರು. ಆಗೆಲ್ಲ ಎದೆ ಕೊಯ್ದು ಹೊಲಿಯೋದು ಅಂದ್ರೆ ಬದುಕಿದ್ರೆ ಬದುಕಿದ್ರು. ಬದುಕ್ದೆ. ಅದಕ್ಕಿಂತ ಕಷ್ಟ ಆಮೇಲೆ ಶುರುವಾಯ್ತು. ನನ್ನನ್ನ ಗಾಜಿನ ಲೋಟ ಮಾಡಿಬಿಟ್ರು ಕಣೆ. ನಡೀಬೇಡ, ನಗಬೇಡ, ಇವಳಿಗೆ ಬೈಬೇಡಿ. ನನ್ನ ತಂಗಿ ನನ್ನ ಗೊಂಬೆ ಮುರಿದ್ಲು, ಅವಳ ಜುಟ್ಟು ಹಿಡಿದೆ. ತಿರುಗಿ ಹೊಡೀಲಿಲ್ಲ ಅವಳು! ಹೊಡೆಯೋಕೆ ಎತ್ತಿದ ಕೈ ಹಾಗೇ ಇಳಿಸಿದ್ಲು. ನಾನು ಅವತ್ತು ಅತ್ತಷ್ಟು ಆಪರೇಷನ್ನಿಗೂ ಅತ್ತಿಲ್ಲ.”

“ಮಾವನಿಗೆ ಗೊತ್ತಿತ್ತಾ?”

“ಮದುವೆಗೆ ಮುಂಚೇನೇ ಹೇಳ್ದೆ. ‘ಹೊಲಿದ ಮಾಲು, ವಾಪಸ್ ಇಲ್ಲ’ ಅಂದೆ. ‘ನನಗೆ ಬಲಗಿವಿ ಕೇಳಲ್ಲ, ಸಮ ಆಯ್ತು’ ಅಂದ್ರು. ನಾನು ಬೈಯೋವಾಗೆಲ್ಲ ಆ ಕಿವೀನೇ ಈ ಕಡೆ ತಿರುಗಿಸ್ತಿದ್ರು. ಒಳ್ಳೇ ಮನುಷ್ಯ.” ಅತ್ತೆ ಗುಂಡಿ ಹಾಕಿಕೊಳ್ಳಲು ಹೊರಟು, ಯಾಕೋ ಮೇಲಿನ ಒಂದನ್ನು ಹಾಗೇ ಬಿಟ್ಟರು. “ಮಕ್ಕಳಿಗೆ ಹೇಳಲಿಲ್ಲ. ಹೇಳಿದ್ರೆ ನನ್ನ ಜೊತೆ ಜಗಳ ಆಡೋದು ನಿಲ್ಲಿಸ್ತಾರೆ. ಜಗಳ ಇಲ್ದಿದ್ರೆ ಮನೇಲಿ ಏನಿರುತ್ತೆ, ಕುರ್ಚಿ ಮೇಜು. ನನ್ನ ಮಕ್ಕಳೆರಡೂ ಹೇಗೂ ಮೆತ್ತಗೆ. ನೀನೊಬ್ಬಳೇ ಸರಿಯಾಗಿ ಆಡೋಳು.”

ಅತ್ತೆ ಕನ್ನಡಕದ ಕೈಯಲ್ಲಿದ್ದ ಹಾಳೆಯತ್ತ ನೋಡಿದರು.

“ನಾನು ಈಗ ‘ಹೌದು’ ಅಂತ ಬರೆಸಿದ್ರೆ ಆ ಕೆಂಪು ಔಷಧಿ ತಗೊಳ್ಳೋ ಮಕ್ಕಳಿಗೆ ಏನಾದ್ರೂ ಉಪಯೋಗ ಆಗುತ್ತಾ?”

“ಆಗಬಹುದು ಅತ್ತೆ. ಖಂಡಿತ ಅಂತ ಹೇಳಲ್ಲ. ಅದಕ್ಕೆ ಇನ್ನೂ ಬಹಳ ದೂರ ಇದೆ. ಆದ್ರೆ ‘ಇಲ್ಲ’ ಅಂತ ಇದ್ರೆ ಇವತ್ತೇ ಮುಗೀತು.”

“ಬರ್ಕೊಳ್ಳಮ್ಮ, ಕನ್ನಡಕ. ಹೌದು. ಆಪರೇಷನ್, ಹೌದು. ಚಿಕ್ಕಂದಿನಲ್ಲಿ, ಹೌದು.” ಆಮೇಲೆ ಸೊಸೆಯತ್ತ ಬೆರಳು ತೋರಿಸಿದರು. “ಇವಳಿಗೊಂದು ಷರತ್ತು. ನನ್ನ ಜೊತೆ ಮೆತ್ತಗೆ ಮಾತಾಡಿದ್ಯೋ, ಎಲ್ಲ ವಾಪಸ್.”

ಮಂಡಳಿಯ ಮುಂದೆ ದೊಡ್ಡವರು ತಮ್ಮ ಹಳೇ ಭಾಷಣವನ್ನು ಬಿಟ್ಟು ಹೊಸದನ್ನು ಮಾಡಬೇಕಾಯಿತು. ಬಿಸ್ಕತ್ತು ಕಳೆದುಕೊಂಡ ಮಗುವಿನ ಮುಖ ಮಾಡಿಕೊಂಡು ಮಾಡಿದರು. ಎಲ್ಲ ಮಕ್ಕಳಿಗೂ ಛತ್ರಿ ಎಂಬುದು ಹೋಯಿತು. ತೂತಿನ ಹೃದಯದವರಿಗೆ ಮಾತ್ರ, ಅದೂ ಆಗಬಹುದೇನೋ ಎಂಬುದು ಉಳಿಯಿತು. ವಾರ್ಡಿನ ಬೋಳು ಡಾಕ್ಟರು ಕೊನೆಯ ಸಾಲಿನಿಂದ ಎದ್ದು, “ಇಷ್ಟಾದ್ರೂ ಯಾರು ಕೊಟ್ಟಿದ್ದಾರೆ ನಮಗೆ?” ಎಂದು ಗದರಿದರು. ಮಂಡಳಿ ಒಂದೇ ಮಾತು ಹೇಳಿತು: ಒಬ್ಬರ ಹೃದಯ ಸಾಲದು, ಹೀಗೆ ಹುಟ್ಟಿ ಹೊಲಿಸಿಕೊಂಡ ಇನ್ನಷ್ಟು ಜನರ ರಕ್ತ ತನ್ನಿ, ಆಮೇಲೆ ಮಕ್ಕಳ ಮಾತಾಡೋಣ. ಬಾಗಿಲು ಮುಚ್ಚಲಿಲ್ಲ. ಡಾಕ್ಟರಮ್ಮನಿಗೆ ಅಷ್ಟು ಸಾಕಾಗಿತ್ತು.

ಆ ವಾರದ ಕೊನೆಗೆ ನಾದಿನಿಯೂ ಬಂದ ದಿನ, ಅದೇ ಊಟದ ಮೇಜಿನಲ್ಲಿ, ಅತ್ತೆ ಸೂಪಿಗೆ ಉಪ್ಪು ಹಾಕಿಕೊಳ್ಳುತ್ತ, “ನನ್ನ ಹೃದಯದಲ್ಲಿ ತೂತಿತ್ತು, ಹೊಲಿಸಿದಾರೆ, ಬ್ರೆಡ್ ಈ ಕಡೆ ಕೊಡು” ಎಂದರು.

ಅತ್ತೆ ಅವತ್ತು ಕೋಣೆಯಲ್ಲಿ ಹೇಳಿದ ಹಾಗೇ ಆಯಿತು. ಮಗನ ಕೈಯಿಂದ ಚಮಚ ಬಿತ್ತು. ನಾದಿನಿ ಅಳಲು ಶುರು ಮಾಡಿದಳು. ಮಗ ಎದ್ದುಹೋಗಿ ದಿಂಬು ತಂದು ಅಮ್ಮನ ಬೆನ್ನಿಗೆ ಇಟ್ಟ. ಮಗಳು ಉಪ್ಪಿನ ಡಬ್ಬಿ ದೂರ ಸರಿಸಿದಳು. “ಅಮ್ಮ, ಇನ್ಮೇಲೆ ನೀನು ಏನೂ ಮಾಡಬೇಡ.” “ಅಮ್ಮ, ಮೆತ್ತಗೆ.” “ಅಮ್ಮ, ನಾವು ನಿನಗೆ ಎಷ್ಟೊಂದು ಸಲ ಎದುರು ಮಾತಾಡಿಬಿಟ್ವಲ್ಲ!”

ಅತ್ತೆ ದಿಂಬಿಗೆ ಒರಗದೆ ನೆಟ್ಟಗೆ ಕೂತಿದ್ದರು. ಮುಖದಲ್ಲಿದ್ದ ಎಲ್ಲ ಬೆಳಕೂ ಒಂದೊಂದಾಗಿ ಆರುತ್ತಿತ್ತು. ಅವರು ಮೇಜಿನಾಚೆ ಸೊಸೆಯನ್ನು ನೋಡಿದರು. ಬೇಡುವುದು ಅವರಿಗೆ ಗೊತ್ತಿರಲಿಲ್ಲ, ಸುಮ್ಮನೆ ನೋಡಿದರು.

“ನಾಳೆಯಿಂದ ನಾನು ಆಸ್ಪತ್ರೆ ಬೆಂಚಲ್ಲಿ ಕೂರ್ತೀನಿ,” ಎಂದರು ಮೆಲ್ಲಗೆ. “ಹೃದಯ ಹೊಲಿಸಿಕೊಂಡೋರು ತಪಾಸಣೆಗೆ ಬರ್ತಾರಲ್ಲ, ಒಬ್ಬೊಬ್ಬರನ್ನೇ ಹಿಡಿದು ರಕ್ತ ಕೊಡಿಸ್ತೀನಿ.”

“ಅಯ್ಯೋ ಬೇಡಮ್ಮ, ನಿನಗೆ ಆಯಾಸ…” ಎಂದ ಮಗ.

ಡಾಕ್ಟರಮ್ಮ ಚಮಚವನ್ನು ತಟ್ಟೆಯ ಮೇಲೆ ಟಣ್ಣೆಂದು ಇಟ್ಟಳು. ದನಿ ಏರಿಸಿದಳು.

“ಆಯಾಸ ಅಂತೆ! ಹಾಗೆಲ್ಲ ಬೆಂಚಲ್ಲಿ ಕೂತು ಜನಾನ ಹಿಡಿಯೋಕೆ ಅದೇನು ನಿಮ್ಮಪ್ಪನ ಮನೆ ಪಡಸಾಲೆ ಅಂದ್ಕೊಂಡಿದ್ದೀರಾ ಅತ್ತೆ? ನಿಯಮ ಅಂತ ಇದೆ. ನೀವು ಬಂದು ಬಾಯಿ ಬಿಟ್ರೆ ಇರೋ ರೋಗಿಗಳೂ ಓಡಿಹೋಗ್ತಾರೆ!”

ನಾದಿನಿ ಅಳುವುದನ್ನು ಮರೆತಳು. “ಏನೇ ನಿಂದು, ಅಮ್ಮನ ಹೃದಯ ಕಣೇ!” ಎಂದು ಗಂಡ ಪಿಸುಗುಟ್ಟಿದ.

“ನೀನು ಸುಮ್ನಿರೋ!” ಎಂದು ಅತ್ತೆ ಬೆನ್ನ ಹಿಂದಿನ ದಿಂಬು ಎಳೆದು ಮಗನ ಮಡಿಲಿಗೆ ಎಸೆದರು. ತೋಳು ಮೇಲಕ್ಕೆ ಸರಿಸಿದರು. ಮುಖ ಹಚ್ಚಿದ ದೀಪದಂತಾಗಿತ್ತು. “ಏನಂದೆ? ನಿಯಮನಾ? ಸೂಪಿನ ತಟ್ಟೇಲಿ ನಿಯಮ ಅದ್ದಿಕೊಂಡು ತಿಂದೋಳು ನನಗೆ ನಿಯಮ ಹೇಳ್ತೀಯೇನೇ? ಉಪ್ಪು ಈ ಕಡೆ ಕೊಡು, ಹೇಳ್ತೀನಿ.”

ಡಾಕ್ಟರಮ್ಮ ಉಪ್ಪು ಕೊಡಲಿಲ್ಲ. “ಉಪ್ಪೂ ಇಲ್ಲ, ಬೆಂಚೂ ಇಲ್ಲ,” ಎಂದಳು. ಇಬ್ಬರೂ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಸೂಪು ಆರುತ್ತಿತ್ತು, ಅದರ ಕಡೆ ಯಾರೂ ನೋಡಲಿಲ್ಲ.